ಕೋಲಾರದ ಕೆರೆಗಳು ಮತ್ತು 78 ಡಿಗ್ರಿ ಗೆರೆ

ಕೋಲಾರ ಜಿಲ್ಲೆಯ ಕೆರೆಗಳ ತೂಬು, ಕೋಡಿ, ಕಾಲುವೆಗಳನ್ನು ನಾವು ಕೆಲವರು ಸೇರಿ ಜಿಪಿಎಸ್ ಹಿಡಿದು ಗುರುತಿಸುತ್ತಿದ್ದೇವೆ. ಒಂದು ಕೆರೆ ತುಂಬಿದರೆ ಅದರ ಕೋಡಿ ನೀರು ಕೆಳಗಿನ ಕೆರೆಗೆ ಹೋಗಬೇಕು. ಆ ದಾರಿ ಎಲ್ಲಿ ಮುಚ್ಚಿಹೋಗಿದೆ ಎಂದು ತೋರಿಸಲು ಜಾಗ ಕರಾರುವಾಕ್ಕಾಗಿ ಗೊತ್ತಿರಬೇಕು, ಅಲ್ವಾ? ಅದಕ್ಕೆ ನಾನು ನೆಚ್ಚಿಕೊಂಡಿರುವುದು ಯುಟಿಎಂ ಗ್ರಿಡ್, ಅಂದರೆ ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ನಕ್ಷೆಯ ಚೌಕಳಿ.

ಅಕ್ಷಾಂಶ, ರೇಖಾಂಶ ಬೇಡವೆಂದಲ್ಲ. ಆದರೆ ಅವನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. 13 ಡಿಗ್ರಿ 8 ನಿಮಿಷವನ್ನು ಯಾರಾದರೂ 13.08 ಎಂದು ಬರೆದುಕೊಟ್ಟರೆ ಜಾಗ ಸುಮಾರು 6 ಕಿಲೋಮೀಟರ್ ದಕ್ಷಿಣಕ್ಕೆ ಜರುಗುತ್ತದೆ. ಅಷ್ಟು ದೂರದಲ್ಲಿ ಬೇರೆ ಕೆರೆಯೇ ಸಿಕ್ಕಿಬಿಡುತ್ತದೆ. ಯುಟಿಎಂನಲ್ಲಿ ಎಲ್ಲವೂ ಮೀಟರ್: ಪೂರ್ವಕ್ಕೆ ಎಣಿಸಿದ್ದು ಈಸ್ಟಿಂಗ್, ಉತ್ತರಕ್ಕೆ ಎಣಿಸಿದ್ದು ನಾರ್ದಿಂಗ್. ತೂಬಿಗೂ ಕೋಡಿಗೂ ಈಸ್ಟಿಂಗ್‌ನಲ್ಲಿ 400, ನಾರ್ದಿಂಗ್‌ನಲ್ಲಿ 300 ವ್ಯತ್ಯಾಸ ಬಂದರೆ ನೇರ ದೂರ 500 ಮೀಟರ್. ಕೆರೆ ಏರಿಯ ಮೇಲೆ ನಿಂತೇ ಲೆಕ್ಕ ಮುಗಿಯುತ್ತದೆ.

ಕೋಲಾರದಲ್ಲಿ ಜಾಸ್ತಿ ಗಮನ ಬೇಡುವುದು ಜೋನ್. ಯುಟಿಎಂ ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಮಾಡುತ್ತದೆ, ಈ ಪಟ್ಟಿಯೇ ಜೋನ್. ಪ್ರತಿ ಪಟ್ಟಿಯ ನಡುಗೆರೆಗೆ ಈಸ್ಟಿಂಗ್ 5,00,000 ಮೀಟರ್ ಎಂದು ಇಟ್ಟುಕೊಂಡು ಎಣಿಸುತ್ತಾರೆ. 43ನೇ ಜೋನ್ 72ರಿಂದ 78 ಡಿಗ್ರಿ ಪೂರ್ವದವರೆಗೆ. ಅದರ ನಡುಗೆರೆ 75 ಡಿಗ್ರಿ, ಧಾರವಾಡದ ಪಕ್ಕದಲ್ಲೇ ಹೋಗುತ್ತದೆ. ಕರ್ನಾಟಕದ ಬಹುಪಾಲು ಇದೇ ಜೋನ್‌ನಲ್ಲಿದೆ. ಆದರೆ 78 ಡಿಗ್ರಿ ಗೆರೆ ಮಾಲೂರಿಗೂ ಕೋಲಾರಕ್ಕೂ ನಡುವೆ ಹಾದುಹೋಗುತ್ತದೆ! ಮಾಲೂರು 43ರಲ್ಲಿ, ಕೋಲಾರ, ಮುಳಬಾಗಿಲು, ಕೆಜಿಎಫ್ 44ರಲ್ಲಿ. ಗೆರೆ ದಾಟಿದ ಕೂಡಲೇ ಈಸ್ಟಿಂಗ್ ಸುಮಾರು 8,25,000ದಿಂದ 1,75,000ದ ಹತ್ತಿರಕ್ಕೆ ಇಳಿಯುತ್ತದೆ. ಜಿಪಿಎಸ್ ತಾನಾಗಿಯೇ ಜೋನ್ ಬದಲಿಸಿಕೊಳ್ಳುವುದರಿಂದ ನೋಡದೆ ಬರೆದುಕೊಂಡರೆ ಪತ್ತೆಯೇ ಆಗುವುದಿಲ್ಲ.

ಅದಕ್ಕೇ ನಮ್ಮ ಪುಸ್ತಕದಲ್ಲಿ ಮೊದಲ ಕಾಲಂ ಜೋನ್‌ಗೆ. '44 ಪಿ' (ಪಿ ನಮ್ಮ ಅಕ್ಷಾಂಶ ಪಟ್ಟಿಯ ಅಕ್ಷರ) ಎಂದು ಬರೆದ ಮೇಲೇ ಉಳಿದ ಅಂಕಿ. ಮನೆಗೆ ಬಂದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ 43ರ ಬಿಂದುಗಳನ್ನು ಆ ಜೋನ್‌ನ 32643 ಕೋಡ್‌ನಲ್ಲಿ ಸೇರಿಸಿ, ಆಮೇಲೆ 44ರ ಕೋಡ್ ಆದ 32644ಕ್ಕೆ ಪರಿವರ್ತಿಸುತ್ತೇನೆ. ಮಾಲೂರು ಗೆರೆಯಿಂದ ಸ್ವಲ್ಪವೇ ಆಚೆ ಇರುವುದರಿಂದ ಇಡೀ ಜಿಲ್ಲೆಯನ್ನು 44ರಲ್ಲೇ ಇಟ್ಟರೆ ತೊಂದರೆಯಿಲ್ಲ. ಇಡೀ ರಾಜ್ಯದ ಕೆಲಸಕ್ಕೆ ಮಾತ್ರ ನಾನು ಹೀಗೆ ಮಾಡಲಾರೆ.

ಹಳೆಯ ಕಾಲುವೆ ದಾರಿ ಹುಡುಕಲು ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್ (ನೆಲದ ವಿವರ ತೋರಿಸುವ ನಕ್ಷೆ ಹಾಳೆ) ಬೇಕೇ ಬೇಕು. ಕೋಲಾರದ್ದು 57 ಕೆ/4 ಸಂಖ್ಯೆಯ ಹಾಳೆ. ಆ ಹಾಳೆಗಳು ಎವರೆಸ್ಟ್ ಲೆಕ್ಕದವು, ಜಿಪಿಎಸ್ ತೋರಿಸುವುದು ಡಬ್ಲ್ಯೂಜಿಎಸ್ 84; ಭೂಮಿಯ ಆಕಾರವನ್ನು ಇವೆರಡೂ ಬೇರೆ ಬೇರೆ ಥರ ಲೆಕ್ಕ ಹಿಡಿಯುತ್ತವೆ. ಎರಡನ್ನೂ ಸುಮ್ನೆ ಒಂದರ ಮೇಲೊಂದು ಇಟ್ಟರೆ ನೂರು ಮೀಟರಿಗೂ ಹೆಚ್ಚು ಅಂತರ ಬರುತ್ತದೆ. ತೂಬು ಯಾರದೋ ಹೊಲದ ಮಧ್ಯೆ ಕಾಣಿಸುತ್ತದೆ. ಹಾಗಾಗಿ ಹಾಳೆಯ ನಾಲ್ಕು ಮೂಲೆಗಳ ಅಕ್ಷಾಂಶ, ರೇಖಾಂಶವನ್ನು ಎವರೆಸ್ಟ್ ಎಂದೇ ಕೊಟ್ಟು ಕೂರಿಸಿ, ನಂತರ ಬದಲಿಸುತ್ತೇನೆ.

ಇನ್ನೊಂದು ವಿಷಯ. ಜೋನ್‌ನ ಈ ಅಂಚಿನಲ್ಲಿ ನೆಲದ 1 ಕಿಲೋಮೀಟರ್ ಗ್ರಿಡ್‌ನಲ್ಲಿ ಸುಮಾರು 90 ಸೆಂಟಿಮೀಟರ್ ಜಾಸ್ತಿ ಬರುತ್ತದೆ. ನಮ್ಮ ಕೈಯಲ್ಲಿರುವ ಜಿಪಿಎಸ್‌ನ ವ್ಯತ್ಯಾಸವೇ ಅದಕ್ಕಿಂತ ದೊಡ್ಡದು, ಹಾಗಾಗಿ ಕಾಲುವೆ ಗುರುತಿಸುವಾಗ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಏರಿ ದುರಸ್ತಿಗೆ ಅಂದಾಜು ಪಟ್ಟಿ ಮಾಡುವಾಗ ಮಾತ್ರ ಟೇಪ್ ಹಿಡಿದೇ ಅಳೆಯುತ್ತೇವೆ.