ಖಗೋಳ ಜ್ಞಾನದ ಪರೀಕ್ಷೆ: ಒಳ್ಳೆಯ ಪ್ರಶ್ನೆಪತ್ರಿಕೆ ರೂಪಿಸುವುದು ಹೇಗೆ?

ಸೌರಮಂಡಲದ ಅತಿ ದೊಡ್ಡ ಗ್ರಹ ಯಾವುದು ಎಂದು ಕೇಳಿದರೆ ಶಾಲೆಯ ಮಕ್ಕಳೂ ಗುರು ಎಂದು ಥಟ್ಟನೆ ಹೇಳುತ್ತಾರೆ. ಉತ್ತರ ಸರಿಯೇ. ಆದರೆ ಉಳಿದ ಏಳು ಗ್ರಹಗಳ ದ್ರವ್ಯರಾಶಿಯನ್ನೆಲ್ಲ ಕೂಡಿಸಿದರೂ ಅದು ಗುರುವಿನ ಅರ್ಧದಷ್ಟೂ ಆಗುವುದಿಲ್ಲ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿದೆ ಎಂಬುದನ್ನು ಆ ಪ್ರಶ್ನೆ ತಿಳಿಸುವುದಿಲ್ಲ. ಖಗೋಳ ವಿಷಯದ ರಸಪ್ರಶ್ನೆಗಳಲ್ಲಿ ಬಹುಪಾಲು ಇದೇ ಜಾತಿಗೆ ಸೇರಿದವು: ಹೆಸರು ನೆನಪಿದ್ದವರು ಅಂಕ ಪಡೆಯುತ್ತಾರೆ, ಅರ್ಥ ಮಾಡಿಕೊಂಡವರನ್ನು ಅವರಿಂದ ಬೇರ್ಪಡಿಸಿ ಗುರುತಿಸಲು ದಾರಿಯೇ ಇರುವುದಿಲ್ಲ. ತನ್ನ ತಿಳಿವಳಿಕೆಯನ್ನು ತಾನೇ ಅಳೆದುಕೊಳ್ಳಬೇಕೆನ್ನುವವರಿಗಾಗಲಿ, ವಿದ್ಯಾರ್ಥಿಗಳಿಗೋ ಗೆಳೆಯರ ಗುಂಪಿಗೋ ಪರೀಕ್ಷೆ ಇಡಬೇಕೆನ್ನುವವರಿಗಾಗಲಿ ಬೇಕಾಗಿರುವುದು ಕಾರಣವನ್ನು ಕೆದಕುವ ಪ್ರಶ್ನೆಗಳು. ಅಂಥ ಪ್ರಶ್ನೆಗಳನ್ನು ರೂಪಿಸಲು ವಿಶೇಷ ಪರಿಣತಿ ಬೇಡ, ತಾಳ್ಮೆ ಬೇಕು.

ಮೊದಲ ಹಂತ, ವಿಷಯದ ಹರವನ್ನು ಗುರುತು ಮಾಡಿಕೊಳ್ಳುವುದು. ಭೂಮಿ, ಚಂದ್ರ ಮತ್ತು ಸೂರ್ಯರ ಸಂಬಂಧ ಒಂದು ವಿಭಾಗವಾದರೆ ಗ್ರಹಗಳು, ನಕ್ಷತ್ರಗಳು, ಗ್ಯಾಲಕ್ಸಿಗಳು ಉಳಿದ ಮೂರು. ಇವಕ್ಕೆ ಪ್ರಶ್ನೆಗಳನ್ನು ಸಮನಾಗಿ ಹಂಚಬೇಕಾಗಿಲ್ಲ. ಹಗಲು ರಾತ್ರಿ, ಋತು, ಗ್ರಹಣ, ಚಂದ್ರನ ವೃದ್ಧಿ ಕ್ಷಯಗಳು ಎಲ್ಲರ ಕಣ್ಣಿಗೂ ಬೀಳುವ ಸಂಗತಿಗಳಾದ್ದರಿಂದ, ತಪ್ಪು ಕಲ್ಪನೆಗಳು ಅತಿ ಆಳವಾಗಿ ಬೇರೂರಿರುವುದೂ ಇಲ್ಲಿಯೇ ಆದ್ದರಿಂದ, ಮೊದಲ ವಿಭಾಗಕ್ಕೆ ಅರ್ಧದಷ್ಟು ಪ್ರಶ್ನೆಗಳನ್ನು ಮೀಸಲಿಡುವುದು ಸೂಕ್ತವೆಂದು ನನ್ನ ಅಭಿಪ್ರಾಯ.

ಎರಡನೆಯದಾಗಿ, ಪ್ರತಿ ಪ್ರಶ್ನೆಗೂ ಒಂದೇ ಉತ್ತರವಿದೆಯೇ, ಆ ಉತ್ತರ ನಾಳೆಯೂ ನಿಲ್ಲುತ್ತದೆಯೇ ಎಂಬುದನ್ನು ಪರಿಶೀಲಿಸಬೇಕು. ಅತಿ ಹೆಚ್ಚು ಉಪಗ್ರಹಗಳಿರುವ ಗ್ರಹ ಯಾವುದು ಎಂಬ ಪ್ರಶ್ನೆಗೆ 2023ರ ಆರಂಭದಲ್ಲಿ ಗುರು ಎಂಬುದು ಸರಿಯುತ್ತರವಾಗಿತ್ತು. ಅದೇ ವರ್ಷದ ಮೇ ತಿಂಗಳ ಹೊತ್ತಿಗೆ ಶನಿ ಮುಂದೆ ಹೋಯಿತು. 2025ರ ಮಾರ್ಚ್‌ನಲ್ಲಿ ಒಂದೇ ಬಾರಿಗೆ ಇನ್ನೂ 128 ಉಪಗ್ರಹಗಳಿಗೆ ಮಾನ್ಯತೆ ಸಿಕ್ಕಿ ಶನಿಯ ಒಟ್ಟು ಲೆಕ್ಕ 274ಕ್ಕೇರಿತು. ಇಂಥ ಪ್ರಶ್ನೆಯನ್ನು ಕೇಳಲೇಬೇಕೆಂದಿದ್ದರೆ ಅದರೊಳಗೇ ವರ್ಷವನ್ನು ನಮೂದಿಸಬೇಕು. ಭೂಮಿಗೆ ಅತ್ಯಂತ ಸಮೀಪದ ನಕ್ಷತ್ರ ಯಾವುದು ಎಂದರೆ ಒಬ್ಬರು ಸೂರ್ಯ ಎನ್ನುತ್ತಾರೆ, ಇನ್ನೊಬ್ಬರು ಪ್ರಾಕ್ಸಿಮಾ ಸೆಂಟಾರಿ ಎನ್ನುತ್ತಾರೆ, ಜಗಳ ಬಗೆಹರಿಯುವುದಿಲ್ಲ. ‘ಸೂರ್ಯನನ್ನು ಬಿಟ್ಟರೆ’ ಎಂಬ ಎರಡು ಪದಗಳು ಅದನ್ನು ತಪ್ಪಿಸುತ್ತವೆ. ಭೂಮಿಗೆ ಹತ್ತಿರದ ಗ್ರಹ ಯಾವುದೆಂಬುದು ಇನ್ನೂ ಸೂಕ್ಷ್ಮ. ಬೇರೆಲ್ಲ ಗ್ರಹಗಳಿಗಿಂತ ನಮ್ಮ ಸಮೀಪಕ್ಕೆ ಬರುವುದು ಶುಕ್ರವಾದರೂ ಅದು ಸೂರ್ಯನ ಆಚೆ ಬದಿಗೆ ಹೋದಾಗ ಬಹಳ ದೂರವಾಗುತ್ತದೆ. ದೀರ್ಘಕಾಲದ ಸರಾಸರಿ ತೆಗೆದರೆ ನಮಗೆ ಹತ್ತಿರವಿರುವುದು ಬುಧ. ಸರಾಸರಿಯನ್ನೇ ಕೇಳುತ್ತಿದ್ದೇವೆ ಎಂದು ಸ್ಪಷ್ಟಪಡಿಸಿದರೆ ಇದು ಬಹಳ ಒಳ್ಳೆಯ ಪ್ರಶ್ನೆ.

ಮೂರನೆಯ ಹಂತವೇ ಎಲ್ಲಕ್ಕಿಂತ ಮುಖ್ಯವಾದದ್ದು. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಆಯ್ಕೆಗಳನ್ನು ಮನಬಂದಂತೆ ತುಂಬಿಸಬಾರದು. ಜನರ ಮನಸ್ಸಿನಲ್ಲಿ ನಿಜವಾಗಿ ಇರುವ ತಪ್ಪು ಕಲ್ಪನೆಗಳನ್ನೇ ಅಲ್ಲಿ ಇಡಬೇಕು. ಋತುಗಳು ಏಕೆ ಉಂಟಾಗುತ್ತವೆ ಎಂಬುದಕ್ಕೆ ‘ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಸರಿದಾಗ ಚಳಿಗಾಲ’ ಎಂಬ ಆಯ್ಕೆಯನ್ನು ತಪ್ಪದೆ ಕೊಡಬೇಕು. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ; ಅತಿ ದೂರವಿರುವುದು ಜುಲೈ ಆರಂಭದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್ ದೂರದಲ್ಲಿ. ಉತ್ತರಾರ್ಧಗೋಳದಲ್ಲಿ ಜನವರಿ ಚಳಿಗಾಲ, ದಕ್ಷಿಣಾರ್ಧಗೋಳದಲ್ಲಿ ಅದೇ ತಿಂಗಳು ಬೇಸಿಗೆ. ದೂರವೇ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಕಾಲಕ್ಕೆ ಬೇಸಿಗೆ ಬರಬೇಕಾಗಿತ್ತು. ಭೂಮಿಯ ಅಕ್ಷ 23.4 ಡಿಗ್ರಿಯಷ್ಟು ವಾಲಿರುವುದರಿಂದ ಬಿಸಿಲು ಬೀಳುವ ಕೋನವೂ ಹಗಲಿನ ಅವಧಿಯೂ ವರ್ಷದುದ್ದಕ್ಕೂ ಬದಲಾಗುತ್ತವೆ ಎಂಬುದು ಸರಿಯುತ್ತರ. ದೂರದ ಆಯ್ಕೆಯನ್ನು ಗುರುತು ಹಾಕಿದವರು ಅಂಕ ಕಳೆದುಕೊಳ್ಳುವುದರ ಜೊತೆಗೆ, ತಮ್ಮ ತಿಳಿವಳಿಕೆ ಎಲ್ಲಿ ತೊಡಕಿಕೊಂಡಿದೆ ಎಂಬುದನ್ನೂ ತೋರಿಸಿಕೊಟ್ಟಿರುತ್ತಾರೆ.

ಚಂದ್ರನ ಕಲೆಗಳ ವಿಷಯವೂ ಹೀಗೆಯೇ. ಭೂಮಿಯ ನೆರಳು ಬಿದ್ದು ಚಂದ್ರ ಕ್ಷೀಣಿಸುತ್ತದೆ ಎಂದು ನಂಬಿರುವವರು ಬಹಳ. ನೇರವಾಗಿ ಕೇಳುವುದಕ್ಕಿಂತ ಹೀಗೆ ಕೇಳಿ ನೋಡಬಹುದು: ಹಗಲಿನಲ್ಲಿ ಸೂರ್ಯನೂ ಅರ್ಧಚಂದ್ರನೂ ಆಕಾಶದಲ್ಲಿ ಒಟ್ಟಿಗೆ ಕಾಣುತ್ತಿರುವಾಗ ಭೂಮಿಯ ನೆರಳು ಯಾವ ದಿಕ್ಕಿಗೆ ಚಾಚಿರುತ್ತದೆ? ನೆರಳು ಸೂರ್ಯನ ಎದುರು ದಿಕ್ಕಿಗಷ್ಟೇ ಹೋಗಬಲ್ಲದು, ಚಂದ್ರನಾದರೋ ಆಗ ಸೂರ್ಯನಿಂದ ಸುಮಾರು ಕಾಲು ವೃತ್ತದಷ್ಟು ದೂರದಲ್ಲಿ ಇರುತ್ತದೆ ಎಂಬುದನ್ನು ಯೋಚಿಸಿದವರಿಗೆ, ನೆರಳಿನ ವಿವರಣೆ ಗ್ರಹಣಕ್ಕೆ ಮಾತ್ರ ಸಲ್ಲುತ್ತದೆಂದು ತಾನಾಗಿ ಹೊಳೆಯುತ್ತದೆ.

ಅತಿ ಬಿಸಿಯಾದ ಗ್ರಹ ಬುಧ ಎಂಬುದು ಇನ್ನೊಂದು ಆಕರ್ಷಕ ತಪ್ಪು. ಬುಧಕ್ಕಿಂತ ಸುಮಾರು 5 ಕೋಟಿ ಕಿಲೋಮೀಟರ್ ಆಚೆಯಿರುವ ಶುಕ್ರದ ನೆಲ, ದಟ್ಟವಾದ ಇಂಗಾಲದ ಡೈಆಕ್ಸೈಡ್ ಹೊದಿಕೆಯ ಕಾರಣದಿಂದ, ಹಗಲು ರಾತ್ರಿಗಳ ಭೇದವಿಲ್ಲದೆ ಸುಮಾರು 465 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದಿರುತ್ತದೆ. ವಾತಾವರಣ ಇಲ್ಲವೆನ್ನುವಷ್ಟು ತೆಳುವಾಗಿರುವ ಬುಧ ರಾತ್ರಿಯಲ್ಲಿ ಸೊನ್ನೆಗಿಂತ 180 ಡಿಗ್ರಿ ಕೆಳಗಿನವರೆಗೆ ತಣ್ಣಗಾಗುತ್ತದೆ. ಆಕಾಶದ ಅತಿ ಪ್ರಕಾಶಮಾನ ನಕ್ಷತ್ರಕ್ಕೆ ಧ್ರುವ ನಕ್ಷತ್ರವೆಂದು ಉತ್ತರಿಸುವವರಿಗೂ ಒಂದು ಪ್ರಶ್ನೆ ಇರಲಿ; ರಾತ್ರಿ ಆಕಾಶದಲ್ಲಿ ಆ ಸ್ಥಾನ ಲುಬ್ಧಕದ್ದು, ಧ್ರುವದ ಮಹತ್ವ ಅದರ ಸ್ಥಾನದಲ್ಲಿದೆಯೇ ಹೊರತು ಬೆಳಕಿನಲ್ಲಲ್ಲ.

ನಾಲ್ಕನೆಯದಾಗಿ, ಸಂಖ್ಯೆಗಳನ್ನು ಬಿಡಿಯಾಗಿ ಕೇಳದೆ ಹೋಲಿಕೆಯಲ್ಲೋ ಕ್ರಮದಲ್ಲೋ ಕೇಳಬೇಕು. ಸೂರ್ಯ, ನೆಪ್ಚೂನ್, ಪ್ರಾಕ್ಸಿಮಾ ಸೆಂಟಾರಿ ಮತ್ತು ಆಂಡ್ರೊಮಿಡಾ ಗ್ಯಾಲಕ್ಸಿಗಳಿಂದ ನಮಗೆ ಬೆಳಕು ಬರಲು ಹಿಡಿಯುವ ಕಾಲವನ್ನು ಹೊಂದಿಸಿ ಬರೆಯಿರಿ ಎಂದರೆ ಸುಮಾರು 8 ನಿಮಿಷ, 4 ಗಂಟೆ, 4.2 ವರ್ಷ, 25 ಲಕ್ಷ ವರ್ಷ ಎಂಬ ಸಾಲು ವಿಶ್ವದ ಅಳತೆಯನ್ನೇ ಮನಸ್ಸಿಗೆ ತರುತ್ತದೆ. ಜ್ಯೋತಿರ್ವರ್ಷ ಎಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಅದು ಕಾಲದ ಅಳತೆಯಲ್ಲ ಎಂಬುದೂ ಇದೇ ಪ್ರಶ್ನೆಯಲ್ಲಿ ಪರೀಕ್ಷೆಗೆ ಒಳಗಾಗುತ್ತದೆ.

ಐದನೆಯ ಹಂತದಲ್ಲಿ ‘ಇದು ನಮಗೆ ಹೇಗೆ ಗೊತ್ತಾಯಿತು?’ ಎಂಬ ಬಗೆಯ ಎರಡು ಮೂರು ಪ್ರಶ್ನೆಗಳನ್ನಾದರೂ ಸೇರಿಸಿ. ನೆಪ್ಚೂನ್ ಪತ್ತೆಯಾದ ವರ್ಷ 1846 ಎಂಬ ನೆನಪಿಗಿಂತ, ಯುರೇನಸ್‌ನ ಚಲನೆ ಲೆಕ್ಕಕ್ಕೆ ಹೊಂದದ್ದನ್ನು ಗಮನಿಸಿ ಫ್ರಾನ್ಸಿನ ಗಣಿತಜ್ಞ ಲ ವೆರ್ಯೆ ಕಾಗದದ ಮೇಲೆ ನೆಪ್ಚೂನ್‌ನ ಸ್ಥಾನವನ್ನು ಲೆಕ್ಕಹಾಕಿದ್ದು, ಆ ಸ್ಥಾನದ ಸಮೀಪದಲ್ಲೇ ಜರ್ಮನಿಯ ಖಗೋಳಜ್ಞ ಗಾಲೆ ದೂರದರ್ಶಕದಿಂದ ಅದನ್ನು ಕಂಡದ್ದು ತಿಳಿದಿರುವುದು ಹೆಚ್ಚು ಬೆಲೆಯುಳ್ಳದ್ದು. ಯಾರೂ ಹೋಗಿ ಮುಟ್ಟದ ನಕ್ಷತ್ರಗಳು ಬಹುಪಾಲು ಜಲಜನಕ ಮತ್ತು ಹೀಲಿಯಂನಿಂದ ಆಗಿವೆ ಎಂದು ಹೇಗೆ ಹೇಳುತ್ತೇವೆ ಎಂಬುದಕ್ಕೆ ರೋಹಿತದ, ಅಂದರೆ ಬಣ್ಣಗಳಾಗಿ ಬಿಡಿಸಿದ ನಕ್ಷತ್ರದ ಬೆಳಕಿನ, ಗೆರೆಗಳೇ ಉತ್ತರ. ಅವುಗಳ ಆಧಾರದಿಂದ ಖಗೋಳವಿಜ್ಞಾನಿ ಸಿಸಿಲಿಯಾ ಪೇಯ್ನ್ 1925ರಲ್ಲಿ ಈ ತೀರ್ಮಾನಕ್ಕೆ ದಾರಿ ಮಾಡಿಕೊಟ್ಟರು. ಕೆಂಪಾಗಿ ಕಾಣುವ ಆರ್ದ್ರಾ ಮತ್ತು ನೀಲಿ ಛಾಯೆಯ ರೈಜೆಲ್ ಇವೆರಡರಲ್ಲಿ ಯಾವುದರ ಮೇಲ್ಮೈ ಹೆಚ್ಚು ಬಿಸಿ ಎಂಬ ಸರಳ ಪ್ರಶ್ನೆಯೂ ಇಲ್ಲಿ ಸಲ್ಲುತ್ತದೆ. ಉತ್ತರ ರೈಜೆಲ್.

ಸಾಧ್ಯವಾದರೆ ಪರೀಕ್ಷೆಯ ಒಂದು ಭಾಗ ಬಯಲಿನಲ್ಲಿ ನಡೆಯಲಿ. ಗ್ರಹವನ್ನು ನಕ್ಷತ್ರದಿಂದ ಬೇರೆಯಾಗಿ ಗುರುತಿಸಿ ತೋರಿಸಿ ಎಂಬಷ್ಟೇ ಸಾಕು. ಮೋಡವಿದ್ದರೆ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬುತ್ತದೆ.

ಮೌಲ್ಯಮಾಪನ ಮಾಡುವಾಗ ಪ್ರತಿ ಉತ್ತರದ ಪಕ್ಕದಲ್ಲಿ ‘ಖಚಿತ’ ಅಥವಾ ‘ಊಹೆ’ ಎಂದು ಬರೆಯಿಸಿಕೊಳ್ಳುವುದು ಬಹಳ ಉಪಯುಕ್ತ. ಊಹೆಯಿಂದ ಸರಿಯಾದ ಉತ್ತರವನ್ನು ತಿಳಿವಳಿಕೆಯೆಂದು ಎಣಿಸಬಾರದು. ಖಚಿತವೆಂದು ಬರೆದ ತಪ್ಪುತ್ತರಗಳನ್ನು ಮೊದಲು ಚರ್ಚೆಗೆ ತೆಗೆದುಕೊಳ್ಳಬೇಕು. ಕೆಲವು ವಾರಗಳ ನಂತರ ಮರುಪರೀಕ್ಷೆ ಇಟ್ಟಾಗ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳದೆ, ಅದೇ ತತ್ತ್ವವನ್ನು ಹೊಸ ಸಂದರ್ಭಕ್ಕೆ ಒಯ್ಯಬೇಕು. ಋತುಗಳ ಪ್ರಶ್ನೆಯಲ್ಲಿ ಎಡವಿದವರಿಗೆ, ಅಕ್ಷವು ಸುಮಾರು 98 ಡಿಗ್ರಿ ವಾಲಿರುವ, ಸೂರ್ಯನನ್ನು ಸುತ್ತಲು 84 ವರ್ಷ ತೆಗೆದುಕೊಳ್ಳುವ ಯುರೇನಸ್‌ನ ಧ್ರುವದಲ್ಲಿ ಹಗಲು ಎಷ್ಟು ಕಾಲ ಇರುತ್ತದೆ ಎಂದು ಕೇಳಬಹುದು. ಅಕ್ಷದ ವಾಲಿಕೆಯ ಅರ್ಥ ಈ ಬಾರಿ ದಕ್ಕಿದ್ದರೆ, ಸುಮಾರು 42 ವರ್ಷ ಎಂಬ ಉತ್ತರವನ್ನು ಅವರು ಯಾರಿಂದಲೂ ಕೇಳದೆ ತಾವೇ ಲೆಕ್ಕಹಾಕಿ ಹೇಳುತ್ತಾರೆ.