ರಗ್ಬಿಗೆ ಇಳಿಯುವ ಮುನ್ನ: ಮೊದಲು ಹಲ್ಲು, ಆಮೇಲೆ ಕಾಲು, ಜೆರ್ಸಿ ಕೊನೆಗೆ

ನಮ್ಮ ಕಾಸರಗೋಡಿನ ಕಡೆ ಹೊಸ ತಂಡ ಕಟ್ಟಿದವರು ಮೊದಲು ಓಡುವುದು ಜೆರ್ಸಿ ಪ್ರಿಂಟ್ ಮಾಡುವ ಅಂಗಡಿಗೆ. ಕಬಡ್ಡಿಯಾಗಲಿ, ಸೆವೆನ್ಸ್ ಫುಟ್‌ಬಾಲ್ ಆಗಲಿ, ಎದೆಯ ಮೇಲೆ ಸ್ಪಾನ್ಸರ್ ಹೆಸರು, ಬೆನ್ನ ಮೇಲೆ ನಂಬರು ಬಂದರೆ ಅರ್ಧ ಟೂರ್ನಮೆಂಟ್ ಗೆದ್ದ ಸಂಭ್ರಮ. ರಗ್ಬಿಗೆ ಈ ಕ್ರಮ ಸರಿಹೋಗುವುದಿಲ್ಲ. ಇಲ್ಲಿ ದುಡ್ಡು ಮೊದಲು ಬಾಯಿಗೆ ಹೋಗಬೇಕು, ಆಮೇಲೆ ಕಾಲಿಗೆ. ಉಳಿದದ್ದರಲ್ಲಿ ಜೆರ್ಸಿ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಏಳು ಜನರ ರಗ್ಬಿ ಸೇರಿತು. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮ ಭಾಷೆಯ ಊರಿನ ಹೆಸರಿನ ತಂಡವೂ ಇತ್ತು. ಟಿವಿಯಲ್ಲಿ ನೋಡಿದ ಕಬಡ್ಡಿ ಹುಡುಗರಿಗೆ ‘ಇದು ನಮಗೂ ಆಗ್ತದಲ್ಲ’ ಅನ್ನಿಸಿದರೆ ಆಶ್ಚರ್ಯವಿಲ್ಲ. ಹಿಡಿಯುವುದು, ಬೀಳಿಸುವುದು ಅವರಿಗೆ ಹೊಸದಲ್ಲ. ಹೊಸದು ಏನೆಂದರೆ ಓಟದ ವೇಗ, ಮತ್ತು ಮ್ಯಾಟ್ ಇಲ್ಲದ ನೆಲ.

ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಯಾವ ರಗ್ಬಿ ಆಡುತ್ತೀರಿ? ಮುಟ್ಟಿದರೆ ಸಾಕು ಎನ್ನುವ ಟಚ್ ರಗ್ಬಿಗೆ ಒಳ್ಳೆಯ ಶೂ ಬಿಟ್ಟರೆ ಬೇರೇನೂ ಬೇಡ. ಬೇಕಲದ ಕಡಲ ತೀರದ ಮರಳಿನಲ್ಲಿ ಆಡುವುದಾದರೆ ಶೂ ಕೂಡ ಬೇಡ, ಬರಿಗಾಲು ನಡೆಯುತ್ತದೆ. ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಬೀಳಿಸುವುದು) ಇರುವ ಆಟ, ಅದು ಏಳು ಜನರದ್ದಿರಲಿ, ಹದಿನೈದು ಜನರದ್ದಿರಲಿ, ಮುಂದಿನದ್ದೆಲ್ಲ ಅದಕ್ಕೆ.

ಮೌತ್‌ಗಾರ್ಡ್: ಸಂಜೆಯ ಅರ್ಧ ಗಂಟೆ ಕೆಲಸ

ಮೌತ್‌ಗಾರ್ಡ್ ಎಂದರೆ ಹಲ್ಲು ಕಾಯಲು ಬಾಯೊಳಗೆ ಹಾಕುವ ಕವಚ. ಅಂತರರಾಷ್ಟ್ರೀಯ ನಿಯಮದಲ್ಲಿ ಇದಕ್ಕೆ ಅನುಮತಿ ಇದೆ, ಕಡ್ಡಾಯ ಇಲ್ಲ. ಆದರೆ ನ್ಯೂಝಿಲೆಂಡ್ 1990ರ ದಶಕದ ಕೊನೆಯಲ್ಲೇ ಇದನ್ನು ಕಡ್ಡಾಯ ಮಾಡಿತು. 1995ರಿಂದ 2003ರ ನಡುವೆ ಅಲ್ಲಿ ರಗ್ಬಿ ಆಟಗಾರರು ಹಲ್ಲಿನ ಗಾಯಕ್ಕೆ ಕೇಳುವ ಪರಿಹಾರದ ಅರ್ಜಿಗಳು ಶೇ. 43ರಷ್ಟು ಇಳಿದವು. ಇನ್ನೇನು ಬೇಕು?

ಒಳ್ಳೆಯದು ಎಂದರೆ ಹಲ್ಲಿನ ಡಾಕ್ಟರು ಅಚ್ಚು ತೆಗೆದು ಮಾಡಿಕೊಡುವುದು. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಅದೇ ದಾರಿ. ಉಳಿದವರಿಗೆ ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚುವ ರೀತಿಯದ್ದು ಶುರುವಿಗೆ ಸಾಕು. ಅದನ್ನು ಹೀಗೆ ಹೊಂದಿಸಿಕೊಳ್ಳಿ:

ಮೊದಲು ಹಾಗೇ ಬಾಯಲ್ಲಿಟ್ಟು ನೋಡಿ. ಹಿಂದೆ ದವಡೆ ಹಲ್ಲಿನಿಂದ ಆಚೆ ಹೋಗಿ ವಾಕರಿಕೆ ಬಂದರೆ ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಿ. ನೀರು ಕುದಿಸಿ, ಒಲೆಯಿಂದ ಇಳಿಸಿ. ಪ್ಯಾಕೆಟ್ಟಿನ ಮೇಲೆ ಎಷ್ಟು ಸೆಕೆಂಡು ಎಂದು ಬರೆದಿದೆಯೋ ಅಷ್ಟೇ ಹೊತ್ತು ಅದ್ದಿ. ಜಾಸ್ತಿ ಅದ್ದಿದರೆ ಆಕಾರ ಪೂರ್ತಿ ಹೋಗುತ್ತದೆ. ಚಮಚದಲ್ಲಿ ತೆಗೆದು, ತಣ್ಣೀರಿಗೆ ಒಂದು ಕ್ಷಣ ತಾಗಿಸಿ. ಇಲ್ಲದಿದ್ದರೆ ಬಾಯಿ ಸುಡುತ್ತದೆ. ಕನ್ನಡಿ ಮುಂದೆ ನಿಂತು ಮೇಲಿನ ಹಲ್ಲಿಗೆ ನಡುಮಧ್ಯಕ್ಕೆ ಕೂರಿಸಿ, ಕಚ್ಚಿ, ಒಳಗಿನ ಗಾಳಿ ಹೀರಿಕೊಳ್ಳಿ. ಹೊರಗಿನಿಂದ ಬೆರಳಲ್ಲಿ, ಒಳಗಿನಿಂದ ನಾಲಿಗೆಯಲ್ಲಿ ಒತ್ತಿ ಹಿಡಿಯಿರಿ. ಆಮೇಲೆ ತಣ್ಣೀರಿನಲ್ಲಿ ಗಟ್ಟಿ ಮಾಡಿ.

ಸರಿಯಾಯಿತೇ ಎಂದು ನೋಡಲು ಬಾಯಿ ತೆರೆಯಿರಿ. ಕಚ್ಚದೇ ಇದ್ದರೂ ಅದು ಮೇಲೆಯೇ ನಿಲ್ಲಬೇಕು. ‘ಪಾಸ್ ಕೊಡೋ’ ಅಂತ ಕೂಗಲು ಬರಬೇಕು. ಬೀಳುತ್ತಿದ್ದರೆ ಇನ್ನೊಮ್ಮೆ ಬಿಸಿ ಮಾಡಿ. ಎರಡನೇ ಸಲವೂ ನಿಲ್ಲದಿದ್ದರೆ ಹೊಸದು ತನ್ನಿ. ಬೆಳೆಯುವ ಮಕ್ಕಳಿಗೆ ಪ್ರತಿ ಸೀಸನ್‌ಗೂ ಹೊಸದೇ ಬೇಕು, ದವಡೆ ಬದಲಾಗುತ್ತಿರುತ್ತದೆ. ಅಣ್ಣನದ್ದನ್ನು ತಮ್ಮನಿಗೆ ದಾಟಿಸುವುದಂತೂ ಬೇಡವೇ ಬೇಡ.

ಬೂಟು ಯಾವುದು ಎಂದು ನೆಲವೇ ಹೇಳುತ್ತದೆ

ಇಂಟರ್‌ನೆಟ್ಟಿನಲ್ಲಿ ಸಿಗುವ ರಗ್ಬಿ ಬೂಟಿನ ಸಲಹೆ ಹೆಚ್ಚಿನದ್ದು ಇಂಗ್ಲೆಂಡಿನ ಒದ್ದೆ ಹುಲ್ಲಿಗೆ ಬರೆದದ್ದು. ಉದ್ದನೆಯ ಲೋಹದ ಸ್ಟಡ್ (ಬೂಟಿನ ಅಡಿಯ ಗುಬುಟು) ಅಲ್ಲಿ ಮಣ್ಣಿಗೆ ಇಳಿಯುತ್ತದೆ. ನಮ್ಮ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮುರಕಲ್ಲಿಗೆ (ಗಟ್ಟಿ ಕೆಂಪುಕಲ್ಲಿಗೆ) ಇಳಿಯುತ್ತದೆಯೇ? ಇಳಿಯುವುದಿಲ್ಲ. ಮೈಭಾರವೆಲ್ಲ ಆರೆಂಟು ತುದಿಗಳ ಮೇಲೆ ನಿಂತು ಅಂಗಾಲು ನೋಯುತ್ತದೆ. ತಿರುಗುವಾಗ ಜಾರಿ ಕಾಲಗಂಟು ಹೊರಳುತ್ತದೆ.

ಹಾಗಾಗಿ ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿ. ‘ಟಿಎಫ್’ ಎಂದರೆ ಅಡಿಯಲ್ಲಿ ಸಣ್ಣ ಸಣ್ಣ ರಬ್ಬರ್ ಗುಬುಟು ತುಂಬಾ ಇರುವ ಶೂ. ಗಟ್ಟಿ ನೆಲಕ್ಕೆ, ಟರ್ಫಿಗೆ ಇದು. ‘ಎಫ್‌ಜಿ’ ಎಂದರೆ ಅಡಿಯ ಜೊತೆಗೇ ಅಚ್ಚು ಹಾಕಿದ ಗಿಡ್ಡ ಸ್ಟಡ್. ಹುಲ್ಲಿರುವ, ಸ್ವಲ್ಪ ಗಟ್ಟಿ ಮೈದಾನಕ್ಕೆ ಹೇಳಿ ಮಾಡಿಸಿದ್ದು. ‘ಎಸ್‌ಜಿ’ ಎಂದರೆ ತಿರುಗಿಸಿ ಬಿಚ್ಚಬಹುದಾದ ಉದ್ದನೆಯ ಸ್ಟಡ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಣ್ಣು ಮೆತ್ತಗಾದ ಹುಲ್ಲಿನ ಮೈದಾನದಲ್ಲಿ ಮಾತ್ರ ಇದರ ಉಪಯೋಗ. ಮೊದಲ ಜೋಡಿ ಕೊಳ್ಳುವವರು ಎಫ್‌ಜಿ ತೆಗೆದುಕೊಳ್ಳಿ. ವರ್ಷದ ಹೆಚ್ಚು ತಿಂಗಳು ಅದೇ ನಡೆಯುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬರೀ ಮುರಕಲ್ಲಿನ ಮೈದಾನದಲ್ಲಿ ಯಾವ ಬೂಟು ಹಾಕಿದರೂ ಟ್ಯಾಕಲ್ ಆಡಬಾರದು. ಅಲ್ಲಿ ಟಚ್ ಆಡಿ. ಟ್ಯಾಕಲ್‌ಗೆ ಹುಲ್ಲಿನ ಮೈದಾನ ಹುಡುಕಿ, ಇಲ್ಲವೇ ಕೊಯ್ಲು ಮುಗಿದ ಗದ್ದೆ ಕೇಳಿ. ಗದ್ದೆಯಾದರೆ ಕೂಳೆ ಚುಚ್ಚುತ್ತದೆ, ಮೊಣಕಾಲುದ್ದದ ಸಾಕ್ಸ್ ಆಗ ಬರೀ ಚಂದಕ್ಕಲ್ಲ. ಮಳೆಗಾಲದ ಆಟಿ ತಿಂಗಳಿನ ಕೆಸರುಗದ್ದೆ ಆಟದ ಲೆಕ್ಕ ಬೇರೆ. ಅಲ್ಲಿ ಎಲ್ಲರೂ ಬರಿಗಾಲಲ್ಲಿರುವಾಗ ನೀವೊಬ್ಬರು ಸ್ಟಡ್ ಹಾಕಿ ಇಳಿಯಬೇಡಿ, ಪಕ್ಕದವರ ಪಾದದ ಗತಿ ನೆನೆಯಿರಿ.

ರಗ್ಬಿಯದ್ದೇ ಬೂಟು ಸಿಗದಿದ್ದರೆ ಫುಟ್‌ಬಾಲ್ ಬೂಟು ನಡೆಯುತ್ತದೆ. ತ್ರಿಕರಿಪುರದಿಂದ ಮಂಜೇಶ್ವರದವರೆಗೆ ಫುಟ್‌ಬಾಲ್ ಹುಚ್ಚಿರುವ ಜಿಲ್ಲೆ ಇದು, ಅದಕ್ಕೆ ಬರ ಇಲ್ಲ. ನಿಯಮ ಕೇಳುವುದು ಇಷ್ಟೇ: ಸ್ಟಡ್ 21 ಮಿಲಿಮೀಟರ್‌ಗಿಂತ ಉದ್ದ ಇರಬಾರದು, ಅಂಚು ಹರಿತ ಇರಬಾರದು. ಕ್ರಿಕೆಟ್‌ನ, ಓಟದ ಸ್ಪೈಕ್ ಶೂ ಖಂಡಿತ ಆಗುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಸ್ಟಡ್‌ನ ತುದಿಯನ್ನು ಅಂಗೈಗೆ ಉಜ್ಜಿ ನೋಡಿ. ಚರ್ಮಕ್ಕೆ ತರಚಿದರೆ ಬೇಡ ಅನ್ನಿ.

ಫುಟ್‌ಬಾಲ್ ಬೂಟಿನ ಕೊರತೆ ಗೊತ್ತಾಗುವುದು ಫಾರ್ವರ್ಡ್‌ಗಳಿಗೆ. ಹದಿನೈದು ಜನರ ಆಟದಲ್ಲಿ 1ರಿಂದ 8ರವರೆಗಿನ ನಂಬರಿನವರು ಸ್ಕ್ರಮ್‌ನಲ್ಲಿ, ಅಂದರೆ ಎರಡೂ ತಂಡದವರು ಬಗ್ಗಿ ಹೆಣೆದುಕೊಂಡು ಚೆಂಡಿಗಾಗಿ ತಳ್ಳಾಡುವಾಗ, ತಲೆ ಕೊಟ್ಟು ತಳ್ಳುವವರು. ಅವರಿಗೆ ಅಗಲ ಮೂತಿಯ, ಗಟ್ಟಿ ಹಿಮ್ಮಡಿಯ, ಎಂಟು ಸ್ಟಡ್ ಇರುವ ಬೂಟು ಹಿಡಿತ ಕೊಡುತ್ತದೆ. 9ರಿಂದ 15ರವರೆಗಿನ ಬ್ಯಾಕ್ಸ್ ಓಡುವವರು. ಅವರಿಗೆ ಹಗುರ ಬೂಟೇ ಚೆಂದ. ಏಳು ಜನರ ಆಟದಲ್ಲಿ ಸ್ಕ್ರಮ್‌ಗೆ ಒಂದೊಂದು ಕಡೆಯಿಂದ ಮೂರೇ ಜನ, ಎಲ್ಲರೂ ಓಡಬೇಕು. ಅಲ್ಲಿ ಈ ಚಿಂತೆ ಇಲ್ಲ.

ಅಳತೆ ನೋಡಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಆಡುವ ದಪ್ಪ ಸಾಕ್ಸ್ ಜೊತೆಗೆ ಒಯ್ಯಿರಿ. ನಿಂತಾಗ ಹೆಬ್ಬೆರಳ ಮುಂದೆ ಸ್ವಲ್ಪ ಜಾಗ ಉಳಿಯಬೇಕು, ಹಿಮ್ಮಡಿ ಮೇಲೇಳಬಾರದು. ಚಿಕ್ಕಂದಿನಿಂದ ತೋಟ, ಗದ್ದೆಗಳಲ್ಲಿ ಬರಿಗಾಲಲ್ಲಿ ನಡೆದವರ ಪಾದ ಅಗಲ ಇರುತ್ತದೆ. ಅಂಥವರು ಬಿಗಿ ಎನಿಸಿದ ಸಿಂಥೆಟಿಕ್ ಬೂಟನ್ನು ‘ಹಾಕ್ತಾ ಹಾಕ್ತಾ ಸರಿಯಾಗ್ತದೆ’ ಎಂದು ನಂಬಬಾರದು. ಚರ್ಮ ಹಿಗ್ಗುತ್ತದೆ, ಸಿಂಥೆಟಿಕ್ ಅಷ್ಟಾಗಿ ಹಿಗ್ಗುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸುವವರು ಪಾದವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಆ ಕಂಪೆನಿಯ ಪಟ್ಟಿಗೆ ಹೋಲಿಸಿ.

ಜೆರ್ಸಿ, ಚಡ್ಡಿ

ಕಬಡ್ಡಿಯ ತೋಳಿಲ್ಲದ ಬನಿಯನ್ ಇಲ್ಲಿ ಆಗದು. ಭುಜದ ತುದಿಯಿಂದ ಮೊಣಕೈವರೆಗಿನ ಅರ್ಧ ದೂರಕ್ಕಾದರೂ ತೋಳು ಇರಬೇಕು ಎಂದು ನಿಯಮ. ತೆಳು ಫುಟ್‌ಬಾಲ್ ಜೆರ್ಸಿ ಎರಡು ಟ್ಯಾಕಲ್‌ಗೆ ಚಿಂದಿ. ಪ್ರಿಂಟಿಂಗ್ ಅಂಗಡಿಯಲ್ಲಿ ದಪ್ಪ ಪಾಲಿಯೆಸ್ಟರ್ ಬಟ್ಟೆ, ಭುಜಕ್ಕೂ ಬದಿಗೂ ಎರಡು ಹೊಲಿಗೆ ಎಂದು ಕೇಳಿ. ಮೈಗೆ ಅಂಟಿದಂತಿರಲಿ. ಸಡಿಲ ಬಟ್ಟೆ ಎದುರಾಳಿಗೆ ಹಿಡಿಕೆ. ಹತ್ತಿಯದ್ದು ನಮ್ಮ ಮಳೆಗೆ ನೀರು ಕುಡಿದು ಭಾರವಾಗುತ್ತದೆ.

ನಂಬರಿನ ಜಗಳ ಇದ್ದದ್ದೇ. ಮೆಸ್ಸಿಯ ಅಭಿಮಾನಿಗೆ 10, ರೊನಾಲ್ಡೊ ಅಭಿಮಾನಿಗೆ 7 ಬೇಕು. ಹದಿನೈದು ಜನರ ರಗ್ಬಿಯಲ್ಲಿ ನಂಬರು ಇಷ್ಟಕ್ಕಲ್ಲ, ಜಾಗಕ್ಕೆ. 10 ಎಂದರೆ ಆಟ ನಡೆಸುವ ಫ್ಲೈ ಹಾಫ್. 7 ಎಂದರೆ ಸ್ಕ್ರಮ್ ಬದಿಯಲ್ಲಿ ನಿಂತು ಚೆಂಡಿಗೆ ಮೊದಲು ನುಗ್ಗುವ ಫ್ಲ್ಯಾಂಕರ್. ಆದ್ದರಿಂದ ಬೆನ್ನ ಮೇಲೆ ಹೆಸರು ಹಾಕಿಸದಿರುವುದೇ ಜಾಣತನ. ಮುಂದಿನ ಪಂದ್ಯದಲ್ಲಿ ಬೇರೆಯವರು ಆ ಅಂಗಿ ತೊಡಬಹುದು.

ಚಡ್ಡಿಗೆ ಜೇಬು ಬೇಡ, ಜಿಪ್ಪು ಬೇಡವೇ ಬೇಡ. ಜೇಬಿನಲ್ಲಿ ಹಿಡಿಯಲು ಬಂದವನ ಬೆರಳು ಸಿಕ್ಕಿ ಮುರಿದೀತು. ಎಲಾಸ್ಟಿಕ್ ಜೊತೆಗೆ ಗಟ್ಟಿ ಲಾಡಿ ಇರಲಿ. ಲೈನ್‌ಔಟ್‌ನಲ್ಲಿ, ಅಂದರೆ ಗೆರೆಯಾಚೆ ಹೋದ ಚೆಂಡನ್ನು ಒಳಗೆ ಎಸೆಯುವಾಗ, ಜೊತೆಯವರು ನಿಮ್ಮನ್ನು ಮೇಲೆತ್ತುವಾಗ ಚಡ್ಡಿಯನ್ನೇ ಹಿಡಿಯುತ್ತಾರೆ. ನಿಯಮ ಪುಸ್ತಕದಲ್ಲಿ ಒಳಚಡ್ಡಿಯೂ ಹೆಸರಿಟ್ಟು ಬರೆದದ್ದು ಉಂಟು, ಅದು ಸುಮ್ನೆ ಅಲ್ಲ. ಹುಡುಗಿಯರು ಚಡ್ಡಿಯ ಅಡಿಗೆ ಉದ್ದನೆಯ ಟೈಟ್ಸ್ ಹಾಕಬಹುದು, ಎದೆಗೆ ಪ್ಯಾಡ್ ಕಟ್ಟಬಹುದು. ಅಪಾಯ ಆಗದಂತೆ ಕಟ್ಟಿದ ತಲೆವಸ್ತ್ರಕ್ಕೂ ಅನುಮತಿ ಇದೆ. ಪಿನ್ನು ಚುಚ್ಚಿದ್ದು ಆಗುವುದಿಲ್ಲ.

ತಲೆಗೆ ಕಟ್ಟುವ ಮೆತ್ತನೆಯ ಟೊಪ್ಪಿಯ ಬಗ್ಗೆ ತಾಯಂದಿರು ಮೊದಲು ಕೇಳುತ್ತಾರೆ. ಅದರ ದಪ್ಪ 1 ಸೆಂಟಿಮೀಟರ್ ಮೀರುವಂತಿಲ್ಲ. ಕಿವಿ ಹರಿಯುವುದನ್ನು, ನೆತ್ತಿ ತರಚುವುದನ್ನು ತಡೆಯುತ್ತದೆ. ಮಿದುಳಿಗೆ ಆಗುವ ಆಘಾತವನ್ನು ತಡೆಯುತ್ತದೆ ಎಂಬ ಭರವಸೆ ಬೇಡ. ಟೊಪ್ಪಿ ಇರಲಿ ಬಿಡಲಿ, ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಗಲಿಬಿಲಿ ಕಂಡರೆ ಆಟಗಾರನನ್ನು ಹೊರಗೆ ತನ್ನಿ. ಆ ದಿನ ಮತ್ತೆ ಇಳಿಸಬೇಡಿ, ಡಾಕ್ಟರಿಗೆ ತೋರಿಸಿ. ಭುಜದ ಪ್ಯಾಡ್ ಹೊಸಬರಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಪ್ಯಾಡ್ ಇದೆ ಎಂಬ ಧೈರ್ಯದಲ್ಲಿ ಟ್ಯಾಕಲ್ ಕಲಿಯುವುದೇ ತಪ್ಪಾಗುತ್ತದೆ.

ಪಂದ್ಯದ ದಿನ ತೊಡುವ ಕ್ರಮ

ಮನೆಯಲ್ಲೇ ಉಗುರು ಕತ್ತರಿಸಿ, ಕಾಲಿನದ್ದೂ. ಮೈಮೇಲಿನ ಒಡವೆ ಪೂರ್ತಿ ತೆಗೆಯಿರಿ. ಉಂಗುರ, ಕಡಗ, ಓಲೆ, ಮೂಗುತಿ, ಬೆಳ್ಳಿಯ ಉಡಿದಾರ ಎಲ್ಲ. ಮೇಲೆ ಟೇಪು ಸುತ್ತಿದ್ದೇನೆ ಎಂದರೆ ನಡೆಯುವುದಿಲ್ಲ. ಉಂಗುರ ಬಟ್ಟೆಗೆ ಸಿಕ್ಕಿ ಬೆರಳಿನ ಚರ್ಮವೇ ಕಿತ್ತು ಬರುವುದುಂಟು. ಬಿಚ್ಚಲು ಮನಸ್ಸಾಗದ ದೇವಸ್ಥಾನದ ನೂಲೋ, ದರ್ಗಾದ ನೂಲೋ ಇದ್ದರೆ ರೆಫರಿಯನ್ನು ಮೊದಲೇ ಕೇಳಿ. ಅವರು ಹೇಳಿದ್ದೇ ಕೊನೆ.

ಆಮೇಲೆ ಟೇಪು. ಬೆರಳಿಗೆ, ಮಣಿಕಟ್ಟಿಗೆ ಮೆಡಿಕಲ್‌ನಲ್ಲಿ ಸಿಗುವ ಬಟ್ಟೆಯ ಅಂಟು ಟೇಪು. ಬಿಗಿದು ಬೆರಳು ನೀಲಿಯಾದರೆ ಬಿಚ್ಚಿ ಮತ್ತೆ ಸುತ್ತಿ. ಸ್ಕ್ರಮ್‌ನ ನಡುವಿನವರು ಕಿವಿ ಮಡಚದಂತೆ ತಲೆಸುತ್ತ ಟೇಪು ಕಟ್ಟುತ್ತಾರೆ. ಕಿವಿಗೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಒಳಗೆ ರಕ್ತ ಕಟ್ಟಿ, ಗಂಟಿನಂತೆ ಊದಿ, ಹಾಗೇ ಉಳಿದುಬಿಡುತ್ತದೆ. ಟೇಪಿನ ಅಡಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿದರೆ ಬಿಚ್ಚುವಾಗ ಕೂದಲು ಉಳಿಯುತ್ತದೆ.

ಸಾಕ್ಸ್ ಮೊಣಕಾಲ ತನಕ ಎಳೆದು, ಕೆಳಗೆ ಜಾರದಂತೆ ಕರೆಂಟಿನ ಕೆಲಸದವರ ಇನ್ಸುಲೇಶನ್ ಟೇಪಿನಿಂದ ಒಂದು ಸುತ್ತು ಹಾಕಿ. ಜಗತ್ತಿನ ತುಂಬ ಆಟಗಾರರು ಇದನ್ನೇ ಮಾಡುತ್ತಾರೆ. ಶಿನ್ ಗಾರ್ಡ್ ಬೇಕಿದ್ದರೆ ಸಾಕ್ಸ್ ಒಳಗೆ. ಬೂಟಿನ ಲೇಸಿಗೆ ಎರಡು ಗಂಟು, ಗಂಟು ಹೊರಬದಿಗೆ, ಉಳಿದ ತುದಿ ಲೇಸಿನ ಅಡಿಗೆ. ತಿರುಗಿಸುವ ಸ್ಟಡ್ ಇದ್ದರೆ ಕೀಲಿಯಿಂದ ಒಮ್ಮೆ ಬಿಗಿ ಮಾಡಿ. ಜೆರ್ಸಿ ಚಡ್ಡಿಯೊಳಗೆ. ಕೊನೆಗೆ ಮೌತ್‌ಗಾರ್ಡ್. ವಾರ್ಮ್‌ಅಪ್‌ನಲ್ಲೂ ಅದು ಬಾಯಲ್ಲೇ ಇರಲಿ, ಉಸಿರಾಟಕ್ಕೆ ಅಭ್ಯಾಸವಾಗುತ್ತದೆ.

ಆಟದ ನಡುವೆ ರಕ್ತ ಬಂದರೆ ಹೊರಗೆ ಬಂದು ಕಟ್ಟಿಸಿಕೊಳ್ಳಬೇಕು. ರಕ್ತ ತಾಗಿದ ಜೆರ್ಸಿ ಬದಲಿಸಬೇಕು. ಆದ್ದರಿಂದ ನಂಬರಿಲ್ಲದ ಒಂದೆರಡು ಜೆರ್ಸಿ ಬ್ಯಾಗಿನಲ್ಲಿ ಹೆಚ್ಚಿಗೆ ಇರಲಿ.

ಮಳೆಗಾಲದಲ್ಲಿ ಒಣಗಿಸುವುದು

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒದ್ದೆ ಬೂಟು ಬ್ಯಾಗಿನಲ್ಲೇ ಉಳಿದರೆ ಎರಡೇ ದಿನಕ್ಕೆ ಬೂಸ್ಟು. ಮಣ್ಣು ತೊಳೆದು, ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ತುರುಕಿ ನೆರಳಲ್ಲಿ ಫ್ಯಾನ್ ಅಡಿಗೆ ಇಡಿ. ಪೇಪರ್ ಒದ್ದೆಯಾದ ಹಾಗೆ ಬದಲಿಸಿ. ಬಚ್ಚಲೊಲೆಯ ಬಳಿ ಇಟ್ಟರೆ ಬೇಗ ಒಣಗುತ್ತದೆ ನಿಜ, ಅಡಿಯ ಅಂಟೂ ಬಿಡುತ್ತದೆ. ಟವೆಲು, ಒಳಚಡ್ಡಿ ಹಂಚಿಕೊಳ್ಳಬೇಡಿ. ಮೈಗೆ ಮೈ ತಾಗುವ ಆಟದಲ್ಲಿ ಒಬ್ಬನ ಹುಳಕಡ್ಡಿ ತಂಡಕ್ಕೆಲ್ಲ ಹರಡಲು ಒಂದು ವಾರ ಸಾಕು. ಕಜ್ಜಿ ಕಂಡವನು ವಾಸಿಯಾಗುವವರೆಗೆ ಆಟದಿಂದ ಹೊರಗಿರಲಿ. ಮೌತ್‌ಗಾರ್ಡನ್ನು ತಣ್ಣೀರಲ್ಲಿ ಬ್ರಷ್‌ನಿಂದ ತೊಳೆದು ತೂತಿರುವ ಡಬ್ಬಿಯಲ್ಲಿಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ, ಮತ್ತೆ ನೀರು ಕುದಿಸಬೇಕಾಗುತ್ತದೆ.