ಶುಗರ್ ಅಂತ ಸೇನೆಯಿಂದ ಮನೆಗೆ ಕಳಿಸಿದ ಮೇಲೆ: ಡಿಸೆಬಿಲಿಟಿ ಪೆನ್ಷನ್ ನಾನು ಪಡೆದ ರೀತಿ

ಸೇನೆಯಲ್ಲಿ ಶುಗರ್ ಬಂದು ಅವಧಿಗೆ ಮುಂಚೆ ಮನೆಗೆ ಬಂದ ನಮ್ಮ ಉಡುಪಿ, ಕುಂದಾಪುರ ಕಡೆಯ ಹುಡುಗರು ಆಗಾಗ ಫೋನ್ ಮಾಡುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ. "ಅಣ್ಣ, ನಿಮಗೆ ಡಿಸೆಬಿಲಿಟಿ ಎಷ್ಟು ಪರ್ಸೆಂಟ್ ಕೊಟ್ಟರು?" ನಾನು ತಿರುಗಿ ಕೇಳುವುದೂ ಒಂದೇ. "ಪರ್ಸೆಂಟ್ ಇರಲಿ ಮಾರಾಯ, ಕಾರಣದ ಕಾಲಂನಲ್ಲಿ ಎಂತ ಬರೆದಿದ್ದಾರೆ?" ಹೆಚ್ಚಿನವರಿಗೆ ಅಂಥ ಕಾಲಂ ಇರುವುದೇ ಗೊತ್ತಿರುವುದಿಲ್ಲ. ತೋರಿಸಿದ ಜಾಗದಲ್ಲಿ ಸಹಿ ಹಾಕಿ, ಟ್ರಂಕ್ ಕಟ್ಟಿ, ರೈಲು ಹತ್ತಿ ಬಂದಿರುತ್ತಾರೆ. ಅದಕ್ಕೇ ನಾನು ಮಾಡಿದ್ದನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ.

ನನ್ನ ಊರು ಬ್ರಹ್ಮಾವರದ ಹತ್ತಿರ. ಹವಾಲ್ದಾರ್ ಆಗಿದ್ದೆ, ಗಾಡಿ ಓಡಿಸುವ ಕೆಲಸ. ಜಮ್ಮುವಿನ ರಜೌರಿ ಕಡೆ ಫೀಲ್ಡ್‌ನಲ್ಲಿ, ಅಂದರೆ ಕಾರ್ಯಾಚರಣೆಯ ಪ್ರದೇಶದಲ್ಲಿ ಇದ್ದೆವು. ಬೆಳಗ್ಗೆ ನಾಲ್ಕಕ್ಕೆ ಕಾನ್ವಾಯ್ ಹೊರಟರೆ ಊಟ ಯಾವಾಗ, ನಿದ್ದೆ ಯಾವಾಗ ಎಂದು ಹೇಳಲಾಗದು. ಅಲ್ಲಿಂದ ಶಾಂತಿ ಪ್ರದೇಶಕ್ಕೆ ವರ್ಗ ಆಯಿತು. ಅಲ್ಲಿ ವಾರ್ಷಿಕ ತಪಾಸಣೆಯಲ್ಲಿ ಟೈಪ್ 2 ಡಯಾಬಿಟಿಸ್ ಎಂದು ಬರೆದರು. ಮೆಡಿಕಲ್ ಕೆಟಗರಿ, ಅಂದರೆ ಫಿಟ್‌ನೆಸ್ ದರ್ಜೆ, ಮೊದಲು ಪಿ 2ಕ್ಕೆ, ಆಮೇಲೆ ಪಿ 3ಕ್ಕೆ ಇಳಿಯಿತು. ಗಾಡಿ ಓಡಿಸುವವನಿಗೆ ಶುಗರ್ ಇಳಿದು ತಲೆ ತಿರುಗಿದರೆ ಹಿಂದೆ ಕೂತವರ ಜೀವದ ಪ್ರಶ್ನೆ, ಅದನ್ನು ನಾನೂ ಒಪ್ಪುತ್ತೇನೆ. ಹಗುರ ಕೆಲಸದ ಹುದ್ದೆ ಖಾಲಿ ಇಲ್ಲ ಎಂದರು. 2017ರಲ್ಲಿ, ಇನ್ನೂ ಸೇವೆಯ ಅವಧಿ ಬಾಕಿ ಇರುವಾಗಲೇ ಮನೆಗೆ ಕಳಿಸಿದರು. 15 ವರ್ಷ ದಾಟಿದ್ದರಿಂದ ಸರ್ವಿಸ್ ಪೆನ್ಷನ್ ಸಿಕ್ಕಿತು. ಕಾಯಿಲೆಗೆಂದು ಅದರ ಮೇಲೆ ಸಿಗುವ ಡಿಸೆಬಿಲಿಟಿ ಎಲಿಮೆಂಟ್ ಮಾತ್ರ ಸೊನ್ನೆ.

ಮನೆಗೆ ಕಳಿಸುವ ಮುಂಚೆ ತಪಾಸಣೆ ಮಾಡುವ ಸೇನಾ ವೈದ್ಯರ ಬೋರ್ಡ್ ನನಗೆ ಕೊಟ್ಟದ್ದು ಶೇಕಡಾ 20 ಡಿಸೆಬಿಲಿಟಿ, ಜೀವನಪೂರ್ತಿ. ಹಣಕ್ಕೆ ಬೇಕಾದ ಕನಿಷ್ಠ ಮಟ್ಟವೇ ಅದು. ಆದರೆ ಪಕ್ಕದಲ್ಲಿ ಇನ್ನೆರಡು ಪ್ರಶ್ನೆ ಉಂಟು. ಕಾಯಿಲೆ ಸೇವೆಯಿಂದ ಬಂತಾ? ಸೇವೆಯಿಂದ ಜಾಸ್ತಿ ಆಯಿತಾ? ಎರಡಕ್ಕೂ "ಇಲ್ಲ". ಕಾರಣ ಒಂದೇ ಸಾಲು: ಶಾಂತಿ ಪ್ರದೇಶದಲ್ಲಿ ಶುರುವಾದ ಜೀವನಶೈಲಿ ಕಾಯಿಲೆ. ಅಷ್ಟೆ. ಎರಡರಲ್ಲಿ ಒಂದಕ್ಕಾದರೂ "ಹೌದು" ಇಲ್ಲದಿದ್ದರೆ ನಿಮ್ಮ 20 ಇರಲಿ, 40 ಇರಲಿ, ಒಂದು ರೂಪಾಯಿ ಬರುವುದಿಲ್ಲ.

ಆ ಸಾಲು ಓದಿದಾಗ ಹಣಕ್ಕಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಯಾವ ಜೀವನಶೈಲಿ? ಏನು ತಿನ್ನಬೇಕು, ಎಷ್ಟು ಹೊತ್ತಿಗೆ ತಿನ್ನಬೇಕು, ಎಲ್ಲಿ ಮಲಗಬೇಕು ಎನ್ನುವುದನ್ನು ಲಂಗರ್ (ಯೂನಿಟ್‌ನ ಅಡುಗೆಮನೆ), ಡ್ಯೂಟಿ ಪಟ್ಟಿ ನಿರ್ಧರಿಸುತ್ತಿದ್ದವು. ಊರಲ್ಲಿ ಕುಚ್ಚಲಕ್ಕಿ ಗಂಜಿ, ಮೀನು ಸಾರು ಉಂಡು ಬೆಳೆದವನು ನಾನು. ಭರ್ತಿಯಾದಾಗ ಮೂತ್ರ ಪರೀಕ್ಷೆಯಿಂದ ಹಿಡಿದು ಎಲ್ಲ ಮಾಡಿ ಪೂರ್ತಿ ಫಿಟ್ ಎಂದು ಬರೆದುಕೊಂಡದ್ದು ಅವರೇ ಅಲ್ವಾ?

ಮೊದಲು ನಾನು ಮಾಡಿದ್ದು ಬೋರ್ಡ್‌ನ ಪೂರ್ತಿ ಕಾಗದ ತರಿಸಿದ್ದು. ಎಎಫ್‌ಎಂಎಸ್‌ಎಫ್-16 ಎನ್ನುವ ಫಾರ್ಮ್ ಅದು. ಅಂಚೆ ಕಚೇರಿಯಲ್ಲಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ತೆಗೆದು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಬೋರ್ಡ್ ನಡಾವಳಿ, ಹಿಂದಿನ ಕೆಟಗರಿ ಬೋರ್ಡ್‌ಗಳ ನಡಾವಳಿ, ಭರ್ತಿಯಾದಾಗಿನ ವೈದ್ಯಕೀಯ ದಾಖಲೆ, ಯಾವ ಊರಿನಲ್ಲಿ ಯಾವಾಗಿಂದ ಯಾವಾಗಿನವರೆಗೆ ಇದ್ದೆ ಎನ್ನುವ ಪೋಸ್ಟಿಂಗ್ ವಿವರ, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬರೆದೆ. ನಮ್ಮದೇ ಕಾಗದ ಕೇಳಲು ನಾಚಿಕೆ ಬೇಡ. ಮಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಅರ್ಜಿ ಹೇಗೆ ಬರೆಯುವುದು ಎಂದು ಹೇಳಿಕೊಟ್ಟರು, ಆ ಉಪಕಾರ ಮರೆಯುವುದಿಲ್ಲ.

ಕಾಗದ ಬಂದ ಮೇಲೆ ಎರಡು ಪಟ್ಟಿ ಮಾಡಿದೆ. ಒಂದು ಕಡೆ ಪೋಸ್ಟಿಂಗ್ ತಾರೀಕು, ಇನ್ನೊಂದು ಕಡೆ ಆರೋಗ್ಯದ ತಾರೀಕು. ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ನನ್ನ ಕೇಸ್ ಎಲ್ಲಿದೆ ಎಂದು ಕಂಡದ್ದು. ರಜೌರಿಯಲ್ಲಿ ಇದ್ದಾಗ ಕುತ್ತಿಗೆಯ ಹಿಂದೆ ಒಂದು ಕುರು ಆಗಿ ಎಷ್ಟು ದಿನವಾದರೂ ಮಾಯುತ್ತಿರಲಿಲ್ಲ. ಯೂನಿಟ್‌ನ ಚಿಕಿತ್ಸಾ ಕೊಠಡಿ ಎಂಐ ರೂಮಿಗೆ ಹೋದಾಗ ನರ್ಸಿಂಗ್ ಅಸಿಸ್ಟೆಂಟ್ ಬೆರಳು ಚುಚ್ಚಿ ನೋಡಿದ್ದ. ಆ ಚೀಟಿಯನ್ನು ನಾನು ಟ್ರಂಕ್‌ನಲ್ಲಿ ಪೇ ಬುಕ್ ಜೊತೆ ಇಟ್ಟಿದ್ದೆ. ಅಂಗೈಯಷ್ಟು ಕಾಗದ, ನೀಲಿ ಪೆನ್ನಿನಲ್ಲಿ ತಾರೀಕು, ರ‍್ಯಾಂಡಮ್ ಶುಗರ್ 268, ಕೆಳಗೆ "ನಾಳೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡುವುದು" ಎಂಬ ಸೂಚನೆ, ಮೂಲೆಯಲ್ಲಿ ಯೂನಿಟ್ ಮೊಹರು. ಮರುದಿನ ಬೆಳಗ್ಗೆ ಕಾನ್ವಾಯ್ ಹೊರಟಿತು. ಖಾಲಿ ಹೊಟ್ಟೆಯ ಪರೀಕ್ಷೆ ಆಗಲೇ ಇಲ್ಲ. ಸಾಮಾನ್ಯವಾಗಿ 200 ದಾಟಿದರೆ ವೈದ್ಯರು ಡಯಾಬಿಟಿಸ್ ಎಂದೇ ಅನುಮಾನಿಸುತ್ತಾರೆ. ಅಂದರೆ ಕಾಯಿಲೆ ತಲೆ ಎತ್ತಿದ್ದು ಫೀಲ್ಡ್‌ನಲ್ಲಿ, ಹೆಸರು ಬಿದ್ದದ್ದು ಮಾತ್ರ ಶಾಂತಿ ಪ್ರದೇಶದಲ್ಲಿ.

ಇದು ಯಾಕೆ ಇಷ್ಟು ಮುಖ್ಯ ಎಂದರೆ, ಸೇನಾ ವೈದ್ಯರಿಗೆ ಈ ವಿಷಯಕ್ಕೆಂದೇ ಒಂದು ಕೈಪಿಡಿ ಉಂಟು. ಮಿಲಿಟರಿ ಪೆನ್ಷನ್‌ಗಾಗಿ ವೈದ್ಯಾಧಿಕಾರಿಗಳ ಕೈಪಿಡಿ, 2008ರದ್ದು. ಅದರ 6ನೇ ಅಧ್ಯಾಯದ 26ನೇ ಪ್ಯಾರಾ ಪೂರ್ತಿ ಡಯಾಬಿಟಿಸ್ ಬಗ್ಗೆ. ಟೈಪ್ 2 ಜೀವನಶೈಲಿ ಕಾಯಿಲೆ ಎಂದು ಅಲ್ಲಿ ಬರೆದಿರುವುದು ನಿಜ. ಆದರೆ ಅಲ್ಲಿಗೇ ನಿಲ್ಲುವುದಿಲ್ಲ. ಒತ್ತಡ, ಸರಿಯಿಲ್ಲದ ಊಟ, ಸೇವೆಯ ಕಾರಣಕ್ಕೆ ಪಥ್ಯ ಮತ್ತು ಔಷಧಿ ಪಾಲಿಸಲಾಗದಿರುವುದು, ಇವೆಲ್ಲ ಕಾಯಿಲೆಯನ್ನು ಹೊರಗೆ ತರಬಹುದು, ಹತೋಟಿ ತಪ್ಪಿಸಬಹುದು ಎಂದೂ ಹೇಳುತ್ತದೆ. ಫೀಲ್ಡ್, ಬಂಡುಕೋರರ ವಿರುದ್ಧದ ಕಾರ್ಯಾಚರಣೆ, ಎತ್ತರದ ಪ್ರದೇಶ, ದೀರ್ಘಕಾಲ ಹಡಗಿನಲ್ಲಿ ಸೇವೆ ಮಾಡುವಾಗ ಶುರುವಾದರೆ ಸೇವೆಯಿಂದ ಜಾಸ್ತಿಯಾಯಿತು ಎಂದು ಒಪ್ಪಬೇಕು ಎನ್ನುತ್ತದೆ. ಟೈಪ್ 1 ಆದರೆ ದಾರಿ ಬೇರೆ. ವೈರಸ್ ಸೋಂಕಿನ ನಂತರ ಬಂತು ಎನ್ನುವ ಲಕ್ಷಣ ಸಿಕ್ಕರೆ ಸೇವೆಯಿಂದಲೇ ಬಂದದ್ದು ಎಂದು ಬರೆಯಲು ಅವಕಾಶ ಉಂಟು. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ.

ಮೊದಲ ಮೇಲ್ಮನವಿ ಹಾಕಿದೆ, ತಿರಸ್ಕರಿಸಿದರು. ಎರಡನೆಯದಕ್ಕೂ ಅದೇ ಉತ್ತರ, ಅದೇ ಜೀವನಶೈಲಿ. ಇದರಲ್ಲಿ ಎದೆಗುಂದುವುದು ಬೇಡ, ಆ ಎರಡು ಮೆಟ್ಟಿಲು ಹತ್ತಿಯೇ ಮುಂದೆ ಹೋಗಬೇಕು. ಆರು ತಿಂಗಳ ಗಡುವು ಮಾತ್ರ ತಪ್ಪಿಸಬೇಡಿ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಲ್ಲಿ ಹುಟ್ಟಿದ್ದು. ನನ್ನ ಅರ್ಜಿ ಹೋದದ್ದು ಕೊಚ್ಚಿಯ ಪೀಠಕ್ಕೆ. ಉಡುಪಿಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿ. ಕಾಯ್ದೆ ಪ್ರಕಾರ ನಾವೇ ವಾದಿಸಬಹುದು, ಆದರೂ ನಾನು ವಕೀಲರನ್ನು ಇಟ್ಟೆ. ಕೋರ್ಟಿನ ಮಾತು ನಮಗೆ ಬಾರದು, ಜೊತೆಗೆ ಆ ಒಂದು ದಿನ ಗಂಟಲು ಒಣಗಿದರೆ ಕೇಸ್ ಹೋಗುತ್ತದೆ.

ವಕೀಲರು ಮುಂದಿಟ್ಟ ತೀರ್ಪುಗಳಲ್ಲಿ ಮುಖ್ಯವಾದದ್ದು ಧರ್ಮವೀರ್ ಸಿಂಗ್ ಪ್ರಕರಣ, ಸುಪ್ರೀಂ ಕೋರ್ಟ್, 2013. ಅವರು ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನ ಸಿಪಾಯಿ. ಕಾಯಿಲೆ ಶುಗರ್ ಅಲ್ಲ, ಫಿಟ್ಸ್. ಈ ಪೆನ್ಷನ್‌ನ ಅರ್ಹತೆಯ 1982ರ ನಿಯಮಗಳನ್ನು ಓದಿ ಕೋರ್ಟ್ ಹೇಳಿದ್ದು ಇಷ್ಟು: ಭರ್ತಿಯಾಗುವಾಗ ಕಾಯಿಲೆ ಇತ್ತು ಎಂದು ಬರೆದಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿ ಬಂದ ಎಂದೇ ತಿಳಿಯಬೇಕು. ಆಮೇಲೆ ಕೆಟ್ಟರೆ ಸೇವೆಯಿಂದ ಕೆಟ್ಟಿತು ಎಂದು ಹಿಡಿಯಬೇಕು. ಹಾಗಲ್ಲ ಎನ್ನುವುದಾದರೆ ಸಾಬೀತು ಮಾಡುವ ಹೊಣೆ ಇಲಾಖೆಯದ್ದು, ಬೋರ್ಡ್ ಕಾರಣ ಬರೆಯಬೇಕು. ಒಂದು ಸಾಲಿನ ಮಾತು ಕಾರಣ ಆಗುವುದಿಲ್ಲ. ಬೋರ್ಡ್‌ನ ಅಭಿಪ್ರಾಯಕ್ಕೇ ತೂಕ ಕೊಡಬೇಕು ಎಂದ ತೀರ್ಪುಗಳೂ ಉಂಟು, ಎದುರು ವಕೀಲರು ಅದನ್ನೇ ಓದಿದರು. ಆಗ ಕೈ ಹಿಡಿದದ್ದು ಆ ನೀಲಿ ಪೆನ್ನಿನ ಚೀಟಿ. ತೀರ್ಪು ಎಲ್ಲರಿಗೂ ಒಂದೇ, ಚೀಟಿ ನಿಮ್ಮದು ಮಾತ್ರ. ಇತ್ತೀಚೆಗೆ, 2025ರಲ್ಲಿ, ದೆಹಲಿ ಹೈಕೋರ್ಟ್ ಟೈಪ್ 2 ಡಯಾಬಿಟಿಸ್ ಇದ್ದ ಸೈನಿಕನ ಪ್ರಕರಣದಲ್ಲೇ ಪೆನ್ಷನ್ ಎತ್ತಿಹಿಡಿದಿದೆ. ಶಾಂತಿ ಪ್ರದೇಶದಲ್ಲಿ ಶುರುವಾಯಿತು ಎನ್ನುವುದೊಂದೇ ಸಾಲದು ಎಂದು ಹೇಳಿದೆ. ಈಗ ಹೋಗುವವರು ಅದನ್ನು ವಕೀಲರಿಗೆ ತೋರಿಸಿ.

ನನ್ನ ಅರ್ಜಿ ಮಂಜೂರಾಯಿತು. ಸೇವೆಯಿಂದ ಜಾಸ್ತಿಯಾಯಿತು ಎಂದು ಒಪ್ಪಿ, ಶೇಕಡಾ 20 ಅನ್ನು 50 ಎಂದು ಲೆಕ್ಕ ಹಿಡಿದು ಕೊಡಿ ಎಂದರು. 20 ಹೇಗೆ 50 ಆಯಿತು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ಬ್ರಾಡ್ ಬ್ಯಾಂಡಿಂಗ್ ಎನ್ನುತ್ತಾರೆ. 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75 ಇದ್ದರೆ 75, ಅದರ ಮೇಲೆ ಇದ್ದರೆ 100. ಮೊದಲು ಇದು ಇನ್‌ವ್ಯಾಲಿಡ್ ಆಗಿ, ಅಂದರೆ ಕಾಯಿಲೆಯಿಂದ ಸೇವೆಗೆ ಆಗುವುದಿಲ್ಲ ಎಂದು ಅವಧಿಗೆ ಮುಂಚೆ ಕಳಿಸಿ ಬಂದವರಿಗೆ ಮಾತ್ರ ಎನ್ನುತ್ತಿದ್ದರು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವಧಿ ಮುಗಿಸಿ ಬಂದವರಿಗೂ ಸಲ್ಲುತ್ತದೆ ಎಂದಿತು.

ರೂಪಾಯಿಯಲ್ಲಿ ಹೇಳುತ್ತೇನೆ. ಶೇಕಡಾ 100 ಡಿಸೆಬಿಲಿಟಿಗೆ ಕೊನೆಯ ಸಂಬಳದ ಶೇಕಡಾ 30. ಲೆಕ್ಕಕ್ಕೆ ಹಿಡಿಯುವ ಸಂಬಳ 45,000 ಎಂದುಕೊಳ್ಳಿ. 100ಕ್ಕೆ 13,500 ಆಯಿತು. 20ಕ್ಕೆ 2,700. 50 ಎಂದು ಹಿಡಿದರೆ 6,750, ಅದರ ಮೇಲೆ ತುಟ್ಟಿಭತ್ಯೆ. ಮಕ್ಕಳ ಫೀಸು ಕಟ್ಟುವ ಮನೆಯಲ್ಲಿ ಇದು ದೊಡ್ಡ ಮೊತ್ತ. ವರ್ಷಗಟ್ಟಲೆ ಸುಮ್ನೆ ಕೂತು ಆಮೇಲೆ ಕೋರ್ಟಿಗೆ ಹೋದರೆ ಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷದ್ದು ಮಾತ್ರ ಸಿಗುತ್ತದೆ. ಅದಕ್ಕೇ ಇವತ್ತೇ ಶುರು ಮಾಡಿ ಎನ್ನುವುದು. ಆದೇಶ ಬಂದ ಮೇಲೂ ರಕ್ಷಣಾ ಪೆನ್ಷನ್‌ನ ಆನ್‌ಲೈನ್ ಪೋರ್ಟಲ್ ಸ್ಪರ್ಶ್‌ನಲ್ಲಿ ಹೊಸ ಪಿಪಿಒ (ಪೆನ್ಷನ್ ಪಾವತಿ ಆದೇಶ) ತೆರೆದು ಶೇಕಡಾವಾರು ಮತ್ತು ಅವಧಿ ಸರಿ ಇದೆಯಾ ನೋಡಿಕೊಳ್ಳಿ.

ಕೆಲವರಿಗೆ 20ಕ್ಕಿಂತ ಕಡಿಮೆ ಕೊಟ್ಟು ಮನೆಗೆ ಕಳಿಸಿದ್ದೂ ಉಂಟು. ಅವರು 2014ರ ಸುಖ್ವಿಂದರ್ ಸಿಂಗ್ ತೀರ್ಪು ಓದಬೇಕು. ಕಾಯಿಲೆಯ ಕಾರಣಕ್ಕೇ ಸೇವೆಯಿಂದ ತೆಗೆದರೆ ಡಿಸೆಬಿಲಿಟಿ 20ಕ್ಕಿಂತ ಜಾಸ್ತಿ ಇತ್ತು ಎಂದೇ ತಿಳಿಯಬೇಕು ಎಂದು ಅದರಲ್ಲಿ ಉಂಟು. ನ್ಯಾಯವೇ ಅದು. ಕೆಲಸಕ್ಕೆ ಆಗದಷ್ಟು ಕಾಯಿಲೆ ಎಂದು ಕಳಿಸಿ, ಹಣ ಕೊಡುವಷ್ಟು ಕಾಯಿಲೆ ಇಲ್ಲ ಎಂದರೆ ಹೇಗೆ?

ಒಂದು ಎಚ್ಚರ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ, ಹೊಸ ಕೈಪಿಡಿ ಬಂದಿದೆ. ಅದರ ನಂತರ ಬಂದವರಿಗೆ ಲೆಕ್ಕ ಬೇರೆ. ಇನ್‌ವ್ಯಾಲಿಡ್ ಆಗದೆ ಸೇವೆ ಮುಗಿಸಿ ಬರುವವರ ಹಣಕ್ಕೆ ಇಂಪೇರ್‌ಮೆಂಟ್ ರಿಲೀಫ್ ಎನ್ನುವ ಹೊಸ ಹೆಸರು. ನನ್ನ ಅರ್ಜಿಯನ್ನು ಹಾಗೇ ನಕಲು ಮಾಡಬೇಡಿ, ನಿಮ್ಮ ಡಿಸ್ಚಾರ್ಜ್ ತಾರೀಕು ನೋಡಿ ಯಾವ ನಿಯಮ ಎಂದು ಕೇಳಿಕೊಳ್ಳಿ.

ಇನ್ನೂ ಬೋರ್ಡ್ ಆಗದವರಿಗೆ. ಕಾಪು ಕಡೆಯ ಒಬ್ಬ ಹುಡುಗ ಈಗ ಆ ಹಂತದಲ್ಲಿದ್ದಾನೆ, ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಬೋರ್ಡ್‌ಗೆ ಮುಂಚೆ ಕಣ್ಣಿನ ರೆಟಿನಾ ಪರೀಕ್ಷೆ, ಮೂತ್ರದ ಅಲ್ಬುಮಿನ್ ಪರೀಕ್ಷೆ ಕೇಳಿ ಮಾಡಿಸಿಕೊ. ಪಾದದ ಅಡಿಗೆ ನೈಲಾನ್ ಎಳೆ ಒತ್ತಿ ಸ್ಪರ್ಶ ತಿಳಿಯುತ್ತದಾ ಎಂದು ನೋಡುತ್ತಾರೆ, ಅದನ್ನೂ ಕೇಳು. ಕಣ್ಣಿಗೆ, ಕಿಡ್ನಿಗೆ, ನರಕ್ಕೆ ತೊಂದರೆ ಮುಟ್ಟಿದ್ದರೆ ಅದು ಕಾಗದದಲ್ಲಿ ಬರಬೇಕು, ಬರೀ ಶುಗರ್ ಎಂದು ಬರೆದರೆ ಅದೆಲ್ಲ ಲೆಕ್ಕಕ್ಕೆ ಸಿಗುವುದಿಲ್ಲ. ಬಿಪಿ ಇದ್ದರೆ ಅದನ್ನು ಬೇರೆಯಾಗಿ ಬರೆಸು. ಎರಡು ಕಾಯಿಲೆಯ ಪರ್ಸೆಂಟ್ ನೇರವಾಗಿ ಕೂಡಿಸುವುದಿಲ್ಲ, ಒಟ್ಟು ಎಂದು ಬೇರೆ ಲೆಕ್ಕ ಹಾಕುತ್ತಾರೆ, ಆ ಸಂಖ್ಯೆ ಕೇಳು. ನಿನ್ನ ಹೇಳಿಕೆ ಬರೆಯುವ ಜಾಗದಲ್ಲಿ ಫೀಲ್ಡ್ ಪೋಸ್ಟಿಂಗ್‌ಗಳನ್ನು ತಾರೀಕು ಸಮೇತ ಬರೆ, ಮೊದಲ ಲಕ್ಷಣ ಎಲ್ಲಿ ಕಂಡಿತು ಎಂದು ಬರೆ. ಮತ್ತೆ ಎಂಐ ರೂಮಿನ ಚೀಟಿಗಳನ್ನೆಲ್ಲ ಈಗಲೇ ಫೋಟೊ ತೆಗೆದು ಮನೆಗೆ ಕಳಿಸು.